ರೋಬೋಟ್ ಸರ್ಜರಿ ಮಾಡುವ ಡಾಕ್ಟರಿಗೆ ಬೇರೆ ಲೈಸೆನ್ಸ್ ಇರುತ್ತದೆಯೇ?

ಪ್ರಶ್ನೆ: ನನ್ನ ತಂದೆಗೆ 66 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೆಂದು ಈಚೆಗೆ ಬಯಾಪ್ಸಿಯಲ್ಲಿ ಗೊತ್ತಾಯಿತು. ಬೇರೆ ಕಡೆ ಹರಡಿಲ್ಲವಂತೆ. ಶಿವಮೊಗ್ಗದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ರೋಬೋಟ್ ಮೂಲಕ ಆಪರೇಷನ್ ಮಾಡೋಣ ಎಂದಿದ್ದಾರೆ. ಸರ್ಜನ್ ಕೋಣೆಯಲ್ಲಿ ರೋಬೋಟ್ ಕಂಪನಿಯವರು ಕೊಟ್ಟ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ತೂಗುಹಾಕಿದ್ದರು. ಅದು ಪರೀಕ್ಷೆ ಪಾಸಾಗಿ ಪಡೆಯುವಂಥದ್ದೇ? ಸರ್ಕಾರದ ಲೈಸೆನ್ಸ್ ಏನಾದರೂ ಇದೆಯೇ? ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ ಎಂದು ಕೇಳಲು ಅಪ್ಪನಿಗೂ ನನಗೂ ಸಂಕೋಚ. ಕೇಳಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕೇಳಬಹುದು, ಕೇಳಬೇಕು. ಸಾಕಷ್ಟು ಮಾಹಿತಿ ಕೊಡದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಔಷಧ ಮತ್ತು ವೈದ್ಯಕೀಯ ಯಂತ್ರಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2019ರಲ್ಲಿ ರೋಬೋಟ್ ಸರ್ಜರಿಯ ಬಗ್ಗೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿದಾಗ, ನಿಮ್ಮ ಸರ್ಜನ್ನರ ತರಬೇತಿ, ಅನುಭವ, ಅವರ ರೋಗಿಗಳು ಹೇಗಾದರು ಎಂಬುದನ್ನು ಕೇಳಿ ತಿಳಿದುಕೊಳ್ಳಿ ಎಂದು ರೋಗಿಗಳಿಗೆ ನೇರವಾಗಿಯೇ ಸೂಚಿಸಿತ್ತು. ನಾನು ಯುರಾಲಜಿಯಲ್ಲಿದ್ದೇನೆ, ಕನ್ಸೋಲ್ ಮುಂದೆ (ಸರ್ಜನ್ ಕೂತು ರೋಬೋಟಿನ ತೋಳುಗಳನ್ನು ನಡೆಸುವ ಜಾಗ) ಕೂರುತ್ತೇನೆ, ಹೊಸಬರ ಪಕ್ಕದಲ್ಲೂ ಕೂರುತ್ತೇನೆ. ಈ ಪ್ರಶ್ನೆ ಕೇಳಿದ ರೋಗಿಯ ಮೇಲೆ ಸಿಟ್ಟಾಗುವ ಸರ್ಜನ್ ಇದ್ದರೆ, ಆ ಸಿಟ್ಟೇ ನಿಮಗೆ ಬೇಕಾದ ಉತ್ತರ.

ಇನ್ನು ಲೈಸೆನ್ಸ್. ಇಲ್ಲ. ಎಂಬಿಬಿಎಸ್, ಎಂಎಸ್, ಆಮೇಲೆ ಯುರಾಲಜಿಯಲ್ಲಿ ಎಂಸಿಎಚ್ ಅಥವಾ ಅದಕ್ಕೆ ಸಮನಾದ ಬೋರ್ಡ್ ಪದವಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ. ಇಷ್ಟಾದರೆ ಕಾನೂನಿನ ಪ್ರಕಾರ ನಾನು ಪ್ರಾಸ್ಟೇಟ್ ತೆಗೆಯಬಹುದು. ಚಾಕುವಿನಲ್ಲಿ ತೆಗೆಯುತ್ತೇನೋ, ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೊಸ್ಕೋಪಿಯಲ್ಲೋ, ರೋಬೋಟಿನಲ್ಲೋ ಎಂದು ನೋಂದಣಿ ಪತ್ರದಲ್ಲಿ ಯಾರೂ ಬರೆಯುವುದಿಲ್ಲ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಓ ಅನುಮತಿ ಕೊಡುವುದು ಯಂತ್ರಕ್ಕೆ, ಅದನ್ನು ನಡೆಸುವ ಮನುಷ್ಯನಿಗಲ್ಲ. ಇದು ನಮ್ಮ ದೇಶದ ಕೊರತೆ ಮಾತ್ರ ಎಂದುಕೊಳ್ಳಬೇಡಿ. ಡಾ ವಿಂಚಿ ಎಂಬ ಸರ್ಜರಿ ರೋಬೋಟಿಗೆ 2000ದಲ್ಲಿ ಹೊಟ್ಟೆಯ ಸರ್ಜರಿಗೆ ಅನುಮತಿ ಕೊಟ್ಟ ಅದೇ ಎಫ್‌ಡಿಎ, ವೈದ್ಯರ ತರಬೇತಿಯ ಮೇಲ್ವಿಚಾರಣೆ ನನ್ನ ಕೆಲಸವಲ್ಲ, ಅದು ತಯಾರಕರು, ವೈದ್ಯರು ಮತ್ತು ಆಸ್ಪತ್ರೆಗಳ ಹೊಣೆ ಎನ್ನುತ್ತದೆ. ಅಲ್ಲಿನ ಸರ್ಜರಿ ಬೋರ್ಡ್ ಜನರಲ್ ಸರ್ಜನ್ನರಿಗೆ ಲ್ಯಾಪರೊಸ್ಕೋಪಿಯ ಮೂಲ ಕೌಶಲದ ಪರೀಕ್ಷೆಯನ್ನು ಕಡ್ಡಾಯ ಮಾಡಿ ಹದಿನೈದು ವರ್ಷದ ಮೇಲಾಯಿತು, ರೋಬೋಟಿಗೆ ಅಂಥ ಕಡ್ಡಾಯ ಪರೀಕ್ಷೆ ಇಲ್ಲ.

ಹಾಗಾದರೆ ನಿಮ್ಮ ಸರ್ಜನ್ ಕನ್ಸೋಲ್ ಮುಂದೆ ಕೂರಬಹುದು ಎಂದು ತೀರ್ಮಾನಿಸುವವರು ಯಾರು? ಆಸ್ಪತ್ರೆ. ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಇರುವ ಆಸ್ಪತ್ರೆಗಳು ಪ್ರತಿ ವೈದ್ಯರ ಅರ್ಹತೆ ಪರಿಶೀಲಿಸಿ, ಯಾವ ಯಾವ ಚಿಕಿತ್ಸೆ ಮಾಡಲು ಅವರಿಗೆ ಅಧಿಕಾರವಿದೆ ಎಂದು ಬರವಣಿಗೆಯಲ್ಲಿ ಇಟ್ಟಿರಬೇಕು. ಇದಕ್ಕೆ ಪ್ರಿವಿಲೆಜಿಂಗ್ ಎನ್ನುತ್ತೇವೆ. ಅದಕ್ಕೊಂದು ಸಮಿತಿ. ಕೆಲವು ಕಡೆ ಆ ಸಮಿತಿ ಸರ್ಜನ್ನರ ಕೇಸ್ ಪಟ್ಟಿ ತರಿಸಿ, ವಿಡಿಯೊ ನೋಡಿ, ಮೊದಲ ಕೇಸುಗಳಿಗೆ ಯಾರು ಜೊತೆಗಿದ್ದರು ಎಂದು ಫೋನ್ ಮಾಡಿ ವಿಚಾರಿಸುತ್ತದೆ. ಇನ್ನು ಕೆಲವು ಕಡೆ, ಕೋಟಿಗಟ್ಟಲೆ ಸುರಿದು ತಂದ ಯಂತ್ರ ಖಾಲಿ ಕೂತಿದೆ, ಬೇಗ ಸಹಿ ಹಾಕಿ ಎಂಬ ಒತ್ತಡದಲ್ಲಿ ಸಹಿ ಬೀಳುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ.

ಈಗ ಆ ಫ್ರೇಮಿನ ವಿಷಯ. ಕಂಪನಿಯ ತರಬೇತಿಯಲ್ಲಿ ಆನ್‌ಲೈನ್ ಪಾಠಗಳಿವೆ, ಚಿಕ್ಕ ಪರೀಕ್ಷೆಗಳಿವೆ, ಸಿಮ್ಯುಲೇಟರ್ ಮೇಲೆ ಇಷ್ಟು ಅಂಕ ಬರಬೇಕು ಎಂಬ ಅಭ್ಯಾಸಗಳಿವೆ. ಆಮೇಲೆ ತರಬೇತಿ ಕೇಂದ್ರದಲ್ಲಿ, ಸಾಮಾನ್ಯವಾಗಿ ಒಂದೆರಡು ದಿನ, ಕೈಯಾರೆ ಕೆಲಸ: ರೋಬೋಟಿನ ತೋಳುಗಳನ್ನು ರೋಗಿಯ ಮೇಲೆ ತಂದು ಜೋಡಿಸುವುದು, ಉಪಕರಣ ಬದಲಿಸುವುದು, ಕ್ಯಾಮೆರಾ ಪೆಡಲ್, ಕ್ಲಚ್ ಪೆಡಲ್, ರಕ್ತನಾಳ ಸುಡುವ ಕರೆಂಟಿನ ಪೆಡಲ್, ಯಂತ್ರ ಕೆಟ್ಟು ನಿಂತರೆ ಏನು ಮಾಡಬೇಕು ಇತ್ಯಾದಿ. ಅರಿವಳಿಕೆ ಕೊಟ್ಟ ಹಂದಿಯ ಮೇಲೆ ಅಥವಾ ದಾನವಾಗಿ ಬಂದ ಮೃತದೇಹದ ಮೇಲೆ ಅಭ್ಯಾಸವೂ ಇರುತ್ತದೆ. ಇಷ್ಟು ಮುಗಿದರೆ ಆ ಯಂತ್ರದ ಕನ್ಸೋಲ್ ಸರ್ಜನ್ ಆಗಿ ತರಬೇತಿ ಪಡೆದಿದ್ದಾರೆ ಎಂಬ ಸರ್ಟಿಫಿಕೇಟ್ ಕೈಗೆ ಬರುತ್ತದೆ. ಹೊಸ ಕಾರು ಕೊಂಡಾಗ ಶೋರೂಮಿನವರು ಪಕ್ಕದಲ್ಲಿ ಕೂತು ಗೇರು, ಗುಂಡಿ, ಬ್ರೇಕು ತೋರಿಸಿ ಕೊಡುತ್ತಾರಲ್ಲ, ಇದು ಆ ಜಾತಿಯದು. ಆರ್‌ಟಿಓ ಪರೀಕ್ಷೆಯಲ್ಲ. ತರಬೇತಿ ಕಳಪೆ ಎಂದು ನಾನು ಹೇಳುತ್ತಿಲ್ಲ. ಯಂತ್ರದ ವಿಷಯದಲ್ಲಿ ಅವರ ತರಬೇತುದಾರರಿಗೆ ನಮಗಿಂತ ಹೆಚ್ಚು ಗೊತ್ತು. ತಾವು ಕಲಿಸುವುದು ಯಂತ್ರದ ಬಳಕೆಯನ್ನು, ಸರ್ಜನ್ನರ ಅರ್ಹತೆ ತೀರ್ಮಾನಿಸುವುದು ಆಸ್ಪತ್ರೆಯ ಕೆಲಸ ಎಂದು ಕಂಪನಿಯವರೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ನಿಮ್ಮ ತಂದೆಯವರ ಪ್ರಾಸ್ಟೇಟನ್ನು ಈ ವ್ಯಕ್ತಿ ಚೆನ್ನಾಗಿ ತೆಗೆಯಬಲ್ಲರೇ ಎಂಬುದರ ಬಗ್ಗೆ ಆ ಕಾಗದ ಏನೂ ಹೇಳುವುದಿಲ್ಲ, ಅಷ್ಟೆ.

ಯಂತ್ರ ಗೊತ್ತಿರುವುದಕ್ಕೂ ಆಪರೇಷನ್ ಗೊತ್ತಿರುವುದಕ್ಕೂ ನಡುವೆ ಏನಿದೆ ಎಂದು ಒಂದು ಉದಾಹರಣೆ ಕೊಡುತ್ತೇನೆ. ಪ್ರಾಸ್ಟೇಟ್ ತೆಗೆದ ಮೇಲೆ ಮೂತ್ರಕೋಶದ ಬಾಯನ್ನು ಮೂತ್ರನಾಳದ ತುದಿಗೆ ತಂದು, ಕ್ಯಾತಿಟರ್ ಸುತ್ತ ಹೊಲಿಯಬೇಕು. ಸೊಂಟದ ಮೂಳೆಯ ಹಿಂದೆ, ಇಕ್ಕಟ್ಟಾದ ಗುಳಿ. ಓಪನ್ ಸರ್ಜರಿಯಲ್ಲಿ ಗಂಟು ಬಿಗಿಯುವಾಗ ಎಷ್ಟು ಎಳೆಯಬೇಕು ಎಂದು ಬೆರಳಿಗೆ ಗೊತ್ತಾಗುತ್ತದೆ. ಇಂದು ಹೆಚ್ಚಿನ ಆಸ್ಪತ್ರೆಗಳಲ್ಲಿರುವ ಡಾ ವಿಂಚಿ ಯಂತ್ರಗಳಲ್ಲಿ ಆ ಸ್ಪರ್ಶವೇ ಇಲ್ಲ (2024ರಲ್ಲಿ ಬಂದ ಐದನೇ ಪೀಳಿಗೆಯ ಯಂತ್ರ ಎಳೆತವನ್ನು ಒಂದಷ್ಟು ಕೈಗೆ ತಲುಪಿಸುತ್ತದೆ). ಹಾಗಾಗಿ ಹೊಸಬರು ಮೊದಮೊದಲು ಮಾಡುವ ಕೆಲಸ ದಾರ ಕಡಿಯುವುದು. ಎಳೆಯುತ್ತಾರೆ, ಎಳೆತ ಗೊತ್ತಾಗುವುದಿಲ್ಲ, ಪಟಕ್ಕೆಂದು ಹೋಗುತ್ತದೆ. ದಾರ ಕಡಿದರೆ ಇನ್ನೊಂದು ತೆಗೆದುಕೊಳ್ಳಬಹುದು, ಅಂಗಾಂಶ ಹರಿದರೆ ಕಷ್ಟ. ಪಳಗಿದವರು ಕಣ್ಣಿನಿಂದಲೇ ಮುಟ್ಟುತ್ತಾರೆ. ಮೂತ್ರಕೋಶದ ಅಂಚು ಬಿಳಿಚಿಕೊಳ್ಳುವುದು, ದಾರದ ಕೆಳಗೆ ಸ್ನಾಯು ಸ್ವಲ್ಪ ಗುಳಿಬೀಳುವುದು, ಸೂಜಿ ಹಿಡಿದ ಕಡೆ ಅಂಗಾಂಶ ಸುಕ್ಕಾಗುವುದು, ಇವನ್ನು ನೋಡಿ ಎಳೆತ ಅಳೆಯುತ್ತಾರೆ. ಇದು ಸಿಮ್ಯುಲೇಟರಿನಲ್ಲಿ ಶುರುವಾಗುತ್ತದೆ, ಅಲ್ಲಿಗೇ ಮುಗಿಯುವುದಿಲ್ಲ.

ಇನ್ನೊಂದು, ಕಣ್ಣಿಗೆ ಬೀಳದ ತೋಳು. ಸರ್ಜನ್ ಎರಡು ಕೈಯಲ್ಲಿ ಮೂರು ಉಪಕರಣ ನಡೆಸುತ್ತಾರೆ, ಬೇಕಾದಾಗ ಪೆಡಲ್ ಒತ್ತಿ ಬದಲಾಯಿಸಿಕೊಳ್ಳುತ್ತಾರೆ. ಕ್ಯಾಮೆರಾ ಹತ್ತಿರಕ್ಕೆ ಹೋದಾಗ ಮೂರನೆಯದು ಚಿತ್ರದಿಂದ ಹೊರಗುಳಿಯುತ್ತದೆ. ಅದು ಕರುಳಿನ ಮೇಲೋ ದೊಡ್ಡ ರಕ್ತನಾಳದ ಮೇಲೋ ಒರಗಿ ನಿಂತಿದ್ದರೂ ಕನ್ಸೋಲಿನಲ್ಲಿ ಕೂತವರಿಗೆ ತಿಳಿಯದು. ಹೊಸಬರ ಪಕ್ಕದಲ್ಲಿ ಕೂತಾಗ ನಾನು ಪದೇಪದೇ ಹೇಳುವ ಮಾತೆಂದರೆ "ಮೂರನೇದು ಎಲ್ಲಿದೆ, ತೋರಿಸಿ".

ಅಂದ ಹಾಗೆ, ರೋಬೋಟ್ ತಾನೇ ಆಪರೇಷನ್ ಮಾಡುತ್ತದೆ ಎಂದು ಓದುಬರಹ ಬಲ್ಲವರೂ ನಂಬಿದ್ದಾರೆ. ರಸ್ತೆಬದಿಯ ದೊಡ್ಡ ಬೋರ್ಡುಗಳಲ್ಲಿ ಹಾಕುವ ಚಿತ್ರಗಳೂ ಹಾಗೇ ಇರುತ್ತವೆ. ಹೊಟ್ಟೆಯ ಸರ್ಜರಿಯ ಈ ಯಂತ್ರಗಳು ಸರ್ಜನ್ ಕೈ ಆಡಿಸದೆ ಒಂದು ಮಿಲಿಮೀಟರೂ ಅಲುಗುವುದಿಲ್ಲ. ಒಳ್ಳೆಯದಾದರೂ ಕೆಟ್ಟದಾದರೂ ಅದು ಆ ಕೈಯದು.

ತರಬೇತಿ ಅರೆಬರೆಯಾದರೆ ಏನಾಗುತ್ತದೆ ಎಂಬುದಕ್ಕೆ ಕೋರ್ಟಿನ ದಾಖಲೆಗಳಿವೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಫ್ರೀಮನ್ ಆಸ್ಪತ್ರೆಯಲ್ಲಿ 2015ರ ಫೆಬ್ರವರಿಯಲ್ಲಿ ಸ್ಟೀಫನ್ ಪೆಟಿಟ್ ಎಂಬ 69 ವರ್ಷದ ಸಂಗೀತ ಶಿಕ್ಷಕರ ಹೃದಯದ ಕವಾಟವನ್ನು ರೋಬೋಟಿನಿಂದ ರಿಪೇರಿ ಮಾಡಲು ಹೊರಟರು. ಆ ದೇಶದಲ್ಲಿ ಅದು ಆ ಬಗೆಯ ಮೊದಲ ಆಪರೇಷನ್. ಹೊಲಿಗೆಗಳು ತಪ್ಪಿದವು, ಹೃದಯದ ಒಳಗೋಡೆಗೆ ಪೆಟ್ಟಾಯಿತು, ರಕ್ತ ಚಿಮ್ಮಿ ಕ್ಯಾಮೆರಾ ಕಾಣದಾಯಿತು, ಕೊನೆಗೆ ಎದೆ ತೆರೆದು ಮುಂದುವರಿಸಬೇಕಾಯಿತು. ಕೆಲವೇ ದಿನಗಳಲ್ಲಿ ರೋಗಿ ತೀರಿಕೊಂಡರು. 2018ರ ವಿಚಾರಣೆಯಲ್ಲಿ ಹೊರಬಂದದ್ದು: ಸರ್ಜನ್ ರೋಬೋಟಿನ ಕೆಲವು ತರಬೇತಿಗಳನ್ನು ತಪ್ಪಿಸಿಕೊಂಡಿದ್ದರು, ಗುರುವಿನ ಜೊತೆ ಒಬ್ಬರಿಗೊಬ್ಬರಂತೆ ಕೂತು ಕಲಿತಿರಲಿಲ್ಲ, ನೆರವಿಗೆ ಬಂದಿದ್ದ ಇಬ್ಬರು ಪರಿಣತರು ಆಪರೇಷನ್ ನಡುವೆಯೇ ಎದ್ದು ಹೋಗಿದ್ದರು. ಮಾಮೂಲಿ ಓಪನ್ ಸರ್ಜರಿ ಮಾಡಿದ್ದರೆ ಅವರು ಬದುಕುಳಿಯುವ ಸಾಧ್ಯತೆಯೇ ಹೆಚ್ಚಿತ್ತು ಎಂದು ವಿಚಾರಣಾಧಿಕಾರಿ ತೀರ್ಮಾನಿಸಿದರು. ನನ್ನನ್ನು ಕಾಡುವುದು ಆ ಇಬ್ಬರು ಎದ್ದು ಹೋದ ವಿಷಯ. ಇಂಥವರಿಗೆ ಪ್ರಾಕ್ಟರ್ ಎನ್ನುತ್ತಾರೆ. ಪ್ರಾಕ್ಟರ್ ಇರುವುದೇ ಕಷ್ಟದ ಗಳಿಗೆಗೆ. ಆದರೆ ಆ ಗಳಿಗೆಯಲ್ಲಿ ಅವರು ಕೈಹಾಕಬೇಕೇ, ಬರೀ ಸಲಹೆ ಕೊಡಬೇಕೇ, ಎಷ್ಟು ಹೊತ್ತು ಇರಬೇಕು ಎಂದು ಮೊದಲೇ ಬರೆದಿಟ್ಟಿರುವ ಆಸ್ಪತ್ರೆಗಳು ಎಲ್ಲೆಡೆ ಇಲ್ಲ.

ಎರಡನೆಯದು ನಿಮ್ಮ ತಂದೆಯವರ ಆಪರೇಷನ್ನಿನದೇ ಕಥೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2008ರಲ್ಲಿ ಅನುಭವಿ ಯುರಾಲಜಿಸ್ಟ್ ಒಬ್ಬರು ಪ್ರಾಕ್ಟರ್ ಜೊತೆ ಎರಡು ರೋಬೋಟ್ ಪ್ರಾಸ್ಟೇಟ್ ಕೇಸ್ ಮುಗಿಸಿ, ಮುಂದಿನದನ್ನು ಪ್ರಾಕ್ಟರ್ ಇಲ್ಲದೆ ಮಾಡಿದರು. ರೋಗಿಯ ಮೈತೂಕ, ಹೊಸಬರು ಆರಿಸಿಕೊಳ್ಳಬಾರದು ಎಂದು ಕಂಪನಿ ಹೇಳಿದ್ದ ಮಿತಿಗಿಂತ ಹೆಚ್ಚಿತ್ತು. ಗುದನಾಳಕ್ಕೆ ಗಾಯವಾಯಿತು. ರೋಗಿ ಚೇತರಿಸಿಕೊಳ್ಳಲೇ ಇಲ್ಲ, ನಾಲ್ಕು ವರ್ಷಗಳ ನಂತರ ತೀರಿಕೊಂಡರು. ಕೇಸು ಆ ರಾಜ್ಯದ ಸುಪ್ರೀಂ ಕೋರ್ಟ್ ತನಕ ಹೋಯಿತು. ಯಂತ್ರ ಕೊಳ್ಳುವುದು ಆಸ್ಪತ್ರೆ, ಯಾರು ನಡೆಸಬಹುದೆಂದು ನಿರ್ಧರಿಸುವುದೂ ಆಸ್ಪತ್ರೆ, ಆದ್ದರಿಂದ ತಯಾರಕರು ಅಪಾಯಗಳನ್ನು ವೈದ್ಯರಿಗಷ್ಟೇ ಅಲ್ಲ, ಆಸ್ಪತ್ರೆಗೂ ತಿಳಿಸಬೇಕು ಎಂದು 2017ರಲ್ಲಿ ತೀರ್ಪಾಯಿತು. ಓಪನ್ ಸರ್ಜರಿಯಲ್ಲಿ ಎಷ್ಟೇ ಕೈ ಪಳಗಿದ್ದರೂ ರೋಬೋಟಿನಲ್ಲಿ ಅವರು ಹೊಸಬರೇ. ಎರಡು ಕೇಸ್ ಯಾವ ಲೆಕ್ಕಕ್ಕೂ ಸಾಲದು.

ಸರಿಯಾಗಿ ಕಲಿಸುವ ದಾರಿ ಹೇಗಿರುತ್ತದೆ ಎಂದರೆ ನಾನು ಯುರೋಪಿನತ್ತ ಕೈ ತೋರಿಸುತ್ತೇನೆ. ಯುರೋಪಿಯನ್ ಯುರಾಲಜಿ ಸಂಘದ ರೋಬೋಟ್ ವಿಭಾಗ ಒಂದು ಪಠ್ಯಕ್ರಮ ರೂಪಿಸಿದೆ. ಮೊದಲು ಪಾಠ, ಆಮೇಲೆ ಒಂದು ವಾರ ಸಿಮ್ಯುಲೇಟರ್, ಪ್ಲಾಸ್ಟಿಕ್ ಮಾದರಿ, ಪ್ರಾಣಿ ಅಂಗಾಂಶದ ಮೇಲೆ ಗಟ್ಟಿ ಅಭ್ಯಾಸ. ನಂತರ ತಿಂಗಳುಗಟ್ಟಲೆ ಹಿರಿಯರ ಕೈಕೆಳಗೆ ನಿಜವಾದ ಓಟಿ. ಅಲ್ಲಿಯೂ ಇಡೀ ಆಪರೇಷನ್ ಕೈಗೆ ಕೊಡುವುದಿಲ್ಲ. ಪ್ರಾಸ್ಟೇಟ್ ತೆಗೆಯುವುದನ್ನು ಹಂತಹಂತವಾಗಿ ಒಡೆದು, ಮೂತ್ರಕೋಶವನ್ನು ಹೊಟ್ಟೆಯ ಗೋಡೆಯಿಂದ ಬಿಡಿಸುವ ಸುಲಭದ ಹಂತವನ್ನು ಮೊದಲು ಮಾಡಿಸುತ್ತಾರೆ. ಅದು ಸಲೀಸಾದ ಮೇಲೆ ಹೊಲಿಗೆ, ಮೂತ್ರಕೋಶದ ಕತ್ತು, ಹೀಗೆ ಮೇಲೇರಿಸುತ್ತಾರೆ. ಲೈಂಗಿಕ ಶಕ್ತಿಗೆ ಬೇಕಾದ ನರಗಳನ್ನು ಉಳಿಸುವ ಹಂತ ಕೊನೆಗೆ. ಮುಗಿದಾಗ ಅಭ್ಯರ್ಥಿ ತಾನೇ ಪೂರ್ತಿ ಮಾಡಿದ ಒಂದು ಆಪರೇಷನ್ನಿನ ವಿಡಿಯೊ ಕೊಡಬೇಕು. ಅದನ್ನು ಯಾರದೆಂದು ಗೊತ್ತಿಲ್ಲದ ಪರಿಣತರು ನೋಡಿ ಅಂಕ ಹಾಕುತ್ತಾರೆ.

ಈ ವಿಡಿಯೊ ಪರೀಕ್ಷೆಯ ಮೇಲೆ ನನಗೆ ತುಂಬ ನಂಬಿಕೆ. ಗೇರ್ಸ್ ಎಂಬ ಮಾಪನವೊಂದು 2012ರಿಂದ ಬಳಕೆಯಲ್ಲಿದೆ. ಆಳದ ಅಂದಾಜು, ಎರಡೂ ಕೈಗಳ ಹೊಂದಾಣಿಕೆ, ಚುರುಕು, ಬಲದ ಹದ, ಸ್ವತಂತ್ರವಾಗಿ ಮಾಡುವ ಸಾಮರ್ಥ್ಯ, ರೋಬೋಟಿನ ಮೇಲಿನ ಹಿಡಿತ, ಈ ಆರಕ್ಕೆ ತಲಾ ಐದರಂತೆ ಮೂವತ್ತು ಅಂಕ. ವಿಡಿಯೊ ನೋಡಿ ಅಂಕ ಹಾಕುವುದೆಲ್ಲ ಶೋಕಿ ಎನ್ನುವ ಹಿರಿಯರಿದ್ದಾರೆ. ಅವರಿಗೆ ಮಿಷಿಗನ್ನಿನ ಅಧ್ಯಯನ ತೋರಿಸಬೇಕು. ಬೊಜ್ಜು ಕರಗಿಸುವ ಲ್ಯಾಪರೊಸ್ಕೋಪಿ ಮಾಡುವ 20 ಸರ್ಜನ್ನರ ವಿಡಿಯೊಗಳನ್ನು ಅವರದೇ ಸಹೋದ್ಯೋಗಿಗಳು ಹೆಸರು ತಿಳಿಯದೆ ನೋಡಿ ಅಂಕ ಹಾಕಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ: ಅತಿ ಕಡಿಮೆ ಅಂಕ ಬಂದ ಗುಂಪಿನವರ ರೋಗಿಗಳಲ್ಲಿ 14.5 ಶೇಕಡಾ ಮಂದಿಗೆ ತೊಡಕುಗಳಾಗಿದ್ದವು, ಅತಿ ಹೆಚ್ಚು ಅಂಕ ಬಂದವರಲ್ಲಿ 5.2 ಶೇಕಡಾ. ರೋಬೋಟಿನಲ್ಲಿ ಪ್ರತಿ ಆಪರೇಷನ್ನಿನ ವಿಡಿಯೊ ಸುಲಭವಾಗಿ ಸಿಗುತ್ತದೆ. ಯಂತ್ರ ಮಾರುವವರಲ್ಲದ, ಆಸ್ಪತ್ರೆಯ ಒಡೆಯರೂ ಅಲ್ಲದ ಒಂದು ಮಂಡಳಿ ನಮ್ಮ ದೇಶದಲ್ಲೂ ಇವನ್ನು ತರಿಸಿಕೊಂಡು ನೋಡಿ ಅರ್ಹತೆ ಕೊಡಬೇಕು ಎಂಬುದು ನನ್ನ ಹಳೆಯ ಹಟ. ಮಾರುವವನೇ ಪರೀಕ್ಷಕನೂ ಆಗಬಾರದು.

ನಮ್ಮಲ್ಲಿ ಒಳ್ಳೆಯ ತರಬೇತಿ ಇಲ್ಲವೆಂದಲ್ಲ. ವಟ್ಟಿಕುಟ್ಟಿ ಫೌಂಡೇಶನ್ ಭಾರತದ ಯುವ ಸರ್ಜನ್ನರಿಗೆ ಹಿರಿಯರ ಬಳಿ ಪೂರ್ಣಾವಧಿಯ ಫೆಲೋಶಿಪ್ ಕೊಡುತ್ತ ಬಂದಿದೆ. ಪುದುಚೇರಿಯ ಜಿಪ್ಮರ್‌ನಲ್ಲಿ ಓದಿದ ಮಣಿ ಮೆನನ್ ಡೆಟ್ರಾಯಿಟ್‌ನಲ್ಲಿ ರೋಬೋಟ್ ಪ್ರಾಸ್ಟೇಟ್ ಸರ್ಜರಿಗೆ ಒಂದು ಕ್ರಮ ಹಾಕಿಕೊಟ್ಟವರು. ಅವರ ಕೈಯಲ್ಲಿ ಕಲಿತವರು ಇಲ್ಲಿಯೂ ಇದ್ದಾರೆ. ಗೋಡೆಯ ಮೇಲೆ ಇಂಥ ಫೆಲೋಶಿಪ್ಪಿನ ಕಾಗದ ಕಂಡರೆ ಅದಕ್ಕೆ ಕಂಪನಿಯ ಸರ್ಟಿಫಿಕೇಟಿಗಿಂತ ಎಷ್ಟೋ ಪಾಲು ಹೆಚ್ಚು ಬೆಲೆ ಕೊಡಿ.

ಈಗ ಸಂಖ್ಯೆಯ ವಿಷಯ. ಅಮೆರಿಕದ 72 ಸರ್ಜನ್ನರು ಮಾಡಿದ ಓಪನ್ ಪ್ರಾಸ್ಟೇಟ್ ಆಪರೇಷನ್ನುಗಳನ್ನು ಲೆಕ್ಕ ಹಾಕಿ 2007ರಲ್ಲಿ ಒಂದು ಅಧ್ಯಯನ ಬಂತು. ಸರ್ಜನ್ ಅದಕ್ಕೆ ಮೊದಲು 10 ಕೇಸ್ ಮಾಡಿದ್ದರೆ ಐದು ವರ್ಷದಲ್ಲಿ ಕ್ಯಾನ್ಸರ್ ಮರುಕಳಿಸುವ ಸಾಧ್ಯತೆ 17.9 ಶೇಕಡಾ, 250 ಮಾಡಿದ್ದರೆ 10.7 ಶೇಕಡಾ. ಲ್ಯಾಪರೊಸ್ಕೋಪಿಯಲ್ಲಿ ಕಲಿಕೆ ಇನ್ನೂ ನಿಧಾನ ಎಂದು ಅದೇ ತಂಡ 2009ರಲ್ಲಿ ತೋರಿಸಿತು. ಅದರಲ್ಲೊಂದು ಸೋಜಿಗವಿತ್ತು: ಮೊದಲಿನಿಂದ ಓಪನ್ ಮಾಡಿ ಆಮೇಲೆ ಲ್ಯಾಪರೊಸ್ಕೋಪಿಗೆ ಬಂದವರ ಫಲಿತಾಂಶ, ಲ್ಯಾಪರೊಸ್ಕೋಪಿಯಿಂದಲೇ ಶುರು ಮಾಡಿದವರದಕ್ಕಿಂತ ಕೆಳಗಿತ್ತು. ಹಳೆಯ ಕೈ ಹೊಸ ಕೆಲಸಕ್ಕೆ ಅಡ್ಡ ಬರುತ್ತದೆ.

ಆದ್ದರಿಂದ ಕೇಳುವಾಗ ಕರಾರುವಾಕ್ಕಾಗಿ ಕೇಳಿ. "ರೋಬೋಟಿನಲ್ಲಿ ಎಷ್ಟು ಮಾಡಿದ್ದೀರಿ" ಎಂದರೆ ಕಿಡ್ನಿ, ಪಿತ್ತಕೋಶ ಎಲ್ಲ ಸೇರಿದ ಮೊತ್ತ ಬರಬಹುದು, ಕೆಲವೊಮ್ಮೆ ಇಡೀ ಆಸ್ಪತ್ರೆಯ ಮೊತ್ತವೂ. "ಸರ್, ಕ್ಯಾನ್ಸರಿಗೆ ಪ್ರಾಸ್ಟೇಟ್ ತೆಗೆಯುವ ಕೇಸ್ ನೀವೇ ಕನ್ಸೋಲಿನಲ್ಲಿ ಕೂತು ಮೊದಲಿನಿಂದ ಕೊನೆವರೆಗೆ ಎಷ್ಟು ಮಾಡಿದ್ದೀರಿ, ತಿಂಗಳಿಗೆ ಎಷ್ಟು ಮಾಡುತ್ತೀರಿ" ಎಂದು ಕೇಳಿ. ಯಾವ ಯಂತ್ರದಲ್ಲಿ ಎಂದೂ ಕೇಳಿ. ಈಗ ಡಾ ವಿಂಚಿ ಒಂದೇ ಅಲ್ಲ. ಗುರುಗ್ರಾಮದ ಎಸ್‌ಎಸ್‌ಐ ಮಂತ್ರ, ಇಂಗ್ಲೆಂಡಿನ ವರ್ಸಿಯಸ್, ಮೆಡ್‌ಟ್ರಾನಿಕ್‌ನ ಹ್ಯೂಗೊ ಬಂದಿವೆ. ಒಂದರಲ್ಲಿ ಮುಖ ಒಳಗಿಟ್ಟು ನೋಡಬೇಕು, ಇನ್ನೊಂದರಲ್ಲಿ ತ್ರೀಡಿ ಕನ್ನಡಕ ಹಾಕಿ ಪರದೆ ನೋಡಬೇಕು. ಒಂದರಲ್ಲಿ ಕಾಲಿನ ಪೆಡಲ್, ಇನ್ನೊಂದರಲ್ಲಿ ಎಲ್ಲ ಗುಂಡಿಗಳೂ ಕೈಹಿಡಿಯಲ್ಲೇ. ಒಂದರಿಂದ ಇನ್ನೊಂದಕ್ಕೆ ಹೋದವರು ಆಪರೇಷನ್ನನ್ನಲ್ಲ, ಯಂತ್ರವನ್ನು ಮತ್ತೆ ಕಲಿಯಬೇಕು. ಅವರು ಆ ಕಲಿಕೆಯ ಎಷ್ಟನೇ ವಾರದಲ್ಲಿದ್ದಾರೆ ಎಂಬುದು ನಿಮಗೆ ಗೊತ್ತಿರಲಿ.

ರೋಗಿಗಳು ಎಂದೂ ಕೇಳದ, ನಾನಾದರೆ ಮೊದಲು ಕೇಳುವ ಪ್ರಶ್ನೆ ಬೇರೆ: ಮೇಜಿನ ಪಕ್ಕದಲ್ಲಿ ನಿಲ್ಲುವ ಅಸಿಸ್ಟೆಂಟ್ ಯಾರು? ಸರ್ಜನ್ ಕೆಲವು ಅಡಿ ದೂರದ ಕನ್ಸೋಲಿನಲ್ಲಿ, ಸ್ಟೆರೈಲ್ ಗೌನಿಲ್ಲದೆ ಕೂತಿರುತ್ತಾರೆ. ರಕ್ತ ಹೀರುವುದು, ಕ್ಲಿಪ್ ಹಾಕುವುದು, ಉಪಕರಣ ಬದಲಿಸುವುದೆಲ್ಲ ಅಸಿಸ್ಟೆಂಟ್ ಕೈಯಲ್ಲಿ. ದೊಡ್ಡ ರಕ್ತನಾಳ ಹರಿದರೆ ಸರ್ಜನ್ ಕೈತೊಳೆದು ಗೌನ್ ಹಾಕಿಕೊಂಡು ಬರುವ ತನಕ ಆ ಒಬ್ಬರೇ ಒತ್ತಿ ಹಿಡಿದಿರಬೇಕು. ಅಷ್ಟರಲ್ಲಿ ನರ್ಸ್ ಉಪಕರಣಗಳನ್ನು ಹೊರಗೆಳೆದು, ತೋಳುಗಳನ್ನು ಬಿಡಿಸಿ, ಯಂತ್ರವನ್ನು ಹಿಂದಕ್ಕೆ ಸರಿಸಿ, ಓಪನ್ ಸರ್ಜರಿಯ ಟ್ರೇ ತೆರೆಯಬೇಕು. ಒಳ್ಳೆಯ ತಂಡಗಳು ಇದನ್ನು ರೋಗಿಯಿಲ್ಲದ ದಿನ ಗಡಿಯಾರ ಹಿಡಿದು ಅಭ್ಯಾಸ ಮಾಡುತ್ತವೆ. ಸರ್ಜನ್ನರ ಸರ್ಟಿಫಿಕೇಟ್ ಗೋಡೆಯ ಮೇಲಿರುತ್ತದೆ, ತಂಡದ್ದು ಎಲ್ಲಿಯೂ ಇರುವುದಿಲ್ಲ.

ಒಂದು ಮಾತು ಕಿರಿಯರ ಪರವಾಗಿ. ಇನ್ನೂರೈವತ್ತು ದಾಟದವರ ಹತ್ತಿರ ಹೋಗಲೇಬಾರದು ಎಂದು ನಾನು ಹೇಳಿದರೆ ಮುಂದಿನ ಪೀಳಿಗೆ ಕಲಿಯುವುದೆಲ್ಲಿ? ಎರಡು ಕನ್ಸೋಲ್ ಇರುವ ಕಡೆ, ಪಕ್ಕದಲ್ಲಿ ಹಿರಿಯರು ಕೂತು ಬೇಕೆಂದಾಗ ಹಿಡಿತ ತಮ್ಮ ಕೈಗೆ ತೆಗೆದುಕೊಳ್ಳುವ ವ್ಯವಸ್ಥೆ ಇದ್ದರೆ, ನಲವತ್ತು ಕೇಸ್ ಮಾಡಿದ ಕಿರಿಯ ಸರ್ಜನ್ ಕೈಗೆ ನನ್ನ ಮನೆಯವರನ್ನೂ ಒಪ್ಪಿಸುತ್ತೇನೆ. ಹದಿನೈದು ಕೇಸ್ ಮಾಡಿ ಒಬ್ಬರೇ ಹೊರಟ ಹಿರಿಯರ ಕೈಗೆ ಒಪ್ಪಿಸುವುದಿಲ್ಲ.

ಇನ್ನು, ರೋಬೋಟೇ ಬೇಕೆಂಬ ಹಟ ಬೇಡ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಪ್ರಾಸ್ಟೇಟ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಓಪನ್, ಇನ್ನೊಂದಕ್ಕೆ ರೋಬೋಟ್ ಸರ್ಜರಿ ಮಾಡಿದರು. ಮೂತ್ರ ನಿಯಂತ್ರಣದಲ್ಲಾಗಲಿ ಲೈಂಗಿಕ ಶಕ್ತಿಯಲ್ಲಾಗಲಿ 12 ವಾರಗಳಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು 2016ರಲ್ಲಿ ವರದಿಯಾಯಿತು. ರೋಬೋಟಿನಲ್ಲಿ ರಕ್ತಸ್ರಾವ ಕಡಿಮೆ, ಮನೆಗೆ ಬೇಗ ಹೋಗಬಹುದು, ಅದು ನಿಜವಾದ ಲಾಭವೇ. ಆದರೆ ಸಾವಿರಾರು ಓಪನ್ ಮಾಡಿದವರೊಬ್ಬರು ನಿಮ್ಮ ಕೈಗೆಟುಕುವಂತಿದ್ದರೆ ಅವರನ್ನು ಬಿಟ್ಟು ಯಂತ್ರವನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಬಯಾಪ್ಸಿಯ ಗಾಯ ಮಾಗಲಿ ಎಂದು ಹೇಗೂ ಕೆಲವು ವಾರ ಕಾಯುತ್ತಾರೆ, ಪ್ರಾಸ್ಟೇಟ್ ಕ್ಯಾನ್ಸರ್ ಸಾಮಾನ್ಯವಾಗಿ ಅಷ್ಟು ಅವಕಾಶ ಕೊಡುವ ರೋಗವೇ. ಆ ಅವಧಿಯಲ್ಲಿ ಬಯಾಪ್ಸಿ ಸ್ಲೈಡುಗಳು, ಎಂಆರ್‌ಐ ಸಿಡಿ, ಪಿಎಸ್‌ಎ ವರದಿ ಹಿಡಿದು ಇನ್ನೊಬ್ಬ ಯುರಾಲಜಿಸ್ಟ್ ಮತ್ತು ಒಬ್ಬ ರೇಡಿಯೇಶನ್ ವೈದ್ಯರನ್ನು ಕಂಡು ಬನ್ನಿ. ವರದಿಯ ಜೆರಾಕ್ಸ್ ಸಾಲದು, ಸ್ಲೈಡುಗಳನ್ನೇ ಕೇಳಿ ಪಡೆಯಿರಿ. ಲ್ಯಾಬಿನವರು ಕೊಡಲು ಹಿಂದೆಮುಂದೆ ನೋಡಿದರೆ ಅರ್ಜಿ ಬರೆದುಕೊಡಿ, ಕೊಡುತ್ತಾರೆ.